ಮುಖವಿಲ್ಲದ ಕೊಂಡೆ

ಕೊಂಡೆ ಹೇಳುವುದು ಹೊಸ ವಿದ್ಯೆಯೇನೂ ಅಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ಅರಸನ ಬೊಕ್ಕಸವನ್ನು ಜಂಗಮ ದಾಸೋಹಕ್ಕೆ ಸುರಿದು ಬರಿದುಮಾಡುತ್ತಿದ್ದಾರೆಂಬ ಆರೋಪವನ್ನು ಹೊರಬೇಕಾಯಿತೆಂದು ನಮ್ಮ ಪುರಾಣಗಳು ಹೇಳುತ್ತವೆ. ಆ ಮಾತನ್ನು ಬಿಜ್ಜಳನ ಕಿವಿಗೆ ಹಾಕಿದವನ ಹೆಸರನ್ನು ಪರಂಪರೆ ಮರೆತಿಲ್ಲ. ಕೊಂಡೆಯ ಮಂಚಣ್ಣನೆಂದು ಅದು ಇಂದಿಗೂ ಅವನನ್ನು ಗುರುತಿಸುತ್ತದೆ. ಬೊಕ್ಕಸವನ್ನು ತೆರೆದು ಎಣಿಸಿದಾಗ ಲೆಕ್ಕ ಸರಿಹೋಯಿತು, ಕೊಂಡೆ ಸುಳ್ಳಾಯಿತು ಎಂಬುದೂ ಅದೇ ಕಥನದ ಮಾತು.

ಈ ಕಥನದಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಒಂದು ಸಂಗತಿಯಿದೆ. ಕೊಂಡೆ ಹೇಳಿದವನಿಗೆ ಒಂದು ಮುಖವಿತ್ತು, ಒಂದು ಹೆಸರಿತ್ತು. ಅವನು ಹೊರಿಸಿದ ಆರೋಪವು ಎಣಿಸಿ ನೋಡಲು ಬರುವಂಥದಾಗಿತ್ತು. ಆರೋಪಕ್ಕೆ ಗುರಿಯಾದವರಿಗೆ ಸಭೆಯ ನಡುವೆ ನಿಂತು ಉತ್ತರ ಕೊಡುವ ಎಡೆಯಿತ್ತು. ಮಂಚಣ್ಣನ ಕಾಲದ ಕೊಂಡೆಗೂ ಇದ್ದ ಈ ಕನಿಷ್ಠ ಮರ್ಯಾದೆ ನಮ್ಮ ಕಾಲದ ಚುನಾವಣೆಯ ಕೊಂಡೆಗೆ ಇಲ್ಲವಾಗಿದೆ. ಮತದಾನಕ್ಕೆ ಎರಡು ದಿನ ಉಳಿದಿರುವಾಗ, ನಡುರಾತ್ರಿಯಲ್ಲಿ, ಯಾರು ಬರೆದರೆಂಬುದೇ ತಿಳಿಯದ ಒಂದು ಸಂದೇಶವು ಸಾವಿರಾರು ಕೈಫೋನುಗಳಿಗೆ ಏಕಕಾಲದಲ್ಲಿ ಬಂದು ಬೀಳುತ್ತದೆ. ಬೆಳಗಾಗುವುದರೊಳಗೆ ಒಬ್ಬ ಮನುಷ್ಯನ ಜೀವಮಾನದ ಮರ್ಯಾದೆ ಬೀದಿಗೆ ಬಂದಿರುತ್ತದೆ. ಈ ಹೇಡಿತನದ ಹೊಡೆತಕ್ಕೆ ಎಲ್ಲರಿಗಿಂತ ಹೆಚ್ಚಾಗಿ ನಲುಗುವವನು ಯಾವ ಪಕ್ಷದ ನೆರಳೂ ಇಲ್ಲದೆ ನಿಂತ ಪಕ್ಷೇತರ ಅಭ್ಯರ್ಥಿ.

ಏಕೆಂಬುದನ್ನು ವಿಚಾರಿಸೋಣ. ಮನ್ನಣೆ ಪಡೆದ ಪಕ್ಷದ ಅಭ್ಯರ್ಥಿಯ ನಾಮಪತ್ರಕ್ಕೆ ಒಬ್ಬ ಸೂಚಕನ ಸಹಿ ಸಾಕು. ಪಕ್ಷೇತರನಿಗೆ ಅದೇ ಕ್ಷೇತ್ರದ 10 ಮಂದಿ ಮತದಾರರ ಸಹಿ ಬೇಕು. ಪಕ್ಷದ ಅಭ್ಯರ್ಥಿಯ ಚಿಹ್ನೆಯು ಮಕ್ಕಳಿಗೂ ಪರಿಚಿತವಾದುದು. ಪಕ್ಷೇತರನಿಗೆ ಚಿಹ್ನೆ ಸಿಗುವುದು ನಾಮಪತ್ರ ಹಿಂತೆಗೆಯುವ ಗಡುವು ಮುಗಿದ ಮೇಲೆ. ಮತಯಂತ್ರದಲ್ಲಿ ಮನ್ನಣೆ ಪಡೆದ ಪಕ್ಷಗಳವರ ಹೆಸರು ಮೊದಲು, ಪಕ್ಷೇತರನ ಹೆಸರು ಕೊನೆಯ ಸಾಲಿನಲ್ಲಿ. ಇವೆಲ್ಲ ಕಾನೂನು ವಿಧಿಸಿದ ಕ್ರಮಗಳು. ಇವುಗಳ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಇವುಗಳ ಪರಿಣಾಮವೇನೆಂದರೆ, ಪಕ್ಷೇತರನ ಬಳಿ ಬಂಡವಾಳವೆಂದು ಉಳಿಯುವುದು ಅವನ ಹೆಸರೊಂದೇ. ಪಕ್ಷದ ಅಭ್ಯರ್ಥಿಯ ಮೇಲೆ ಅಪವಾದ ಬಂದರೆ ಪಕ್ಷದ ವಕ್ತಾರರಿದ್ದಾರೆ, ವಕೀಲರಿದ್ದಾರೆ, ಪ್ರತಿ ಮತಗಟ್ಟೆಗೂ ಕಾರ್ಯಕರ್ತರಿದ್ದಾರೆ, ಸಂದೇಶಕ್ಕೆ ಪ್ರತಿಸಂದೇಶ ಹೊಸೆಯಲು ಸಂಬಳದ ಹುಡುಗರಿದ್ದಾರೆ. ಅಭ್ಯರ್ಥಿಯ ಹೆಸರು ಕೆಟ್ಟರೂ ಚಿಹ್ನೆಯ ಬಲದಿಂದ ದಡ ಸೇರುವುದುಂಟು. ಪಕ್ಷೇತರನ ಹೆಸರು ಕೆಟ್ಟರೆ ಕೆಟ್ಟಿತು. ಅದರ ಹಿಂದೆ ಇನ್ನೊಂದು ಗೋಡೆಯಿಲ್ಲ.

ಇದು ಬರಿಯ ಊಹೆಯಲ್ಲ. 2019ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ಕೇಂದ್ರ ಕ್ಷೇತ್ರದಿಂದ ನಟ ಪ್ರಕಾಶ್ ರಾಜ್ ಪಕ್ಷೇತರರಾಗಿ ಸ್ಪರ್ಧಿಸಿದ್ದರು. ಅವರ ವಿಚಾರಗಳನ್ನು ಒಪ್ಪುವುದು ಬಿಡುವುದು ಬೇರೆಯ ಮಾತು. ಏಪ್ರಿಲ್ 18ರಂದು ಮತದಾನ. ಅದರ ಹೊಸ್ತಿಲಲ್ಲಿ, ಅವರು ಕಾಂಗ್ರೆಸ್ಸನ್ನು ಸೇರಿದ್ದಾರೆ, ಅವರಿಗೆ ಹಾಕುವ ಮತ ವ್ಯರ್ಥ ಎಂಬ ಅರ್ಥದ ಸಂದೇಶವು, ಅವರು ಆ ಪಕ್ಷದ ಅಭ್ಯರ್ಥಿಯೊಡನೆ ಇದ್ದ ಚಿತ್ರವೊಂದರ ಜೊತೆಗೆ, ವಾಟ್ಸಾಪಿನಲ್ಲಿ ಹರಿದಾಡಿತು. ಅವರು ಅದು ಸುಳ್ಳೆಂದು ಸಾರಿ ದೂರು ಕೊಟ್ಟರು. ಫಲಿತಾಂಶದಲ್ಲಿ ಅವರಿಗೆ ಬಂದ ಮತ 28,906, ಠೇವಣಿ ಉಳಿಯಲಿಲ್ಲ. ಆ ಸುಳ್ಳಿನಿಂದಲೇ ಅವರು ಸೋತರೆಂದು ನಾವು ಹೇಳುವುದಿಲ್ಲ. ಅಂತರವು ಅಷ್ಟು ದೊಡ್ಡದಿತ್ತು. ನಮ್ಮ ಪ್ರಶ್ನೆ ಬೇರೆ. ಕಣದಲ್ಲಿ ನಿಂತಿರುವ ಮನುಷ್ಯನನ್ನು ಕಣದಲ್ಲಿಲ್ಲವೆಂದು ಸಾರುವುದು ಅವನನ್ನು ಜೀವಂತ ಹೂಳಿದಂತೆ. ಅವನ ಪರವಾಗಿ ಮತ ಹಾಕಬೇಕೆಂದಿದ್ದ ಮತದಾರನ ಹಕ್ಕನ್ನೂ ಅದೇ ಗುಂಡಿಯಲ್ಲಿ ಮುಚ್ಚಿದಂತೆ. ಅವನು ಗೆಲ್ಲುವವನೋ ಸೋಲುವವನೋ ಎಂಬುದರಿಂದ ಈ ಪಾಪದ ತೂಕ ಕಡಮೆಯಾಗುವುದಿಲ್ಲ.

ಅದೇ ದಿನ ಮತದಾನ ನಡೆದ ಮಂಡ್ಯದ ಕಥೆಯು ಇನ್ನೊಂದು ಬಗೆಯದು. 2018ರ ನವೆಂಬರ್ 24ರಂದು ಅಂಬರೀಶ್ ತೀರಿಕೊಂಡರು. ಮರುವರ್ಷ ಅವರ ಪತ್ನಿ ಸುಮಲತಾ ಪಕ್ಷೇತರರಾಗಿ ನಿಲ್ಲಲು ಹೊರಟಾಗ ಕೇಳಿಬಂದ ಮೊದಲ ಆಕ್ಷೇಪಗಳು ಕಾವೇರಿ ನೀರಿನದಾಗಲಿ ಕಬ್ಬಿನ ಬೆಲೆಯದಾಗಲಿ ಆಗಿರಲಿಲ್ಲ. ಗಂಡ ತೀರಿಕೊಂಡ ಕೆಲವೇ ದಿನಗಳಲ್ಲಿ ಹೆಂಗಸಿಗೆ ಚುನಾವಣೆ ಏಕೆ ಎಂಬ ಧಾಟಿಯ ಮಾತು ಅಂದಿನ ಸಚಿವ ಎಚ್. ಡಿ. ರೇವಣ್ಣನವರಿಂದ ಬಂತು. ಆಕೆ ಗೌಡರವಳಲ್ಲ, ನಾಯ್ಡು ಎಂಬ ಜಾತಿಯ ಮಾತು ಅಂದಿನ ಸಂಸದ ಎಲ್. ಆರ್. ಶಿವರಾಮೇಗೌಡರಿಂದ ಬಂತು. ವೈಧವ್ಯವನ್ನೂ ಹುಟ್ಟನ್ನೂ ಅಪರಾಧವೆಂಬಂತೆ ಎತ್ತಿ ತೋರಿಸಿದ ಇಂಥ ಮಾತುಗಳು ಕೈಫೋನಿನಿಂದ ಕೈಫೋನಿಗೆ ಹಾರಿದವು. ಸಾಲದೆಂಬಂತೆ ಸುಮಲತಾ ಎಂಬ ಹೆಸರಿನ ಇನ್ನೂ ಮೂವರು ಅದೇ ಕಣದಲ್ಲಿ ಪಕ್ಷೇತರರಾಗಿ ನಿಂತರು. ಒಂದೇ ಹೆಸರಿನವರಿಂದ ಆಗುವ ಇಂಥ ಗೊಂದಲವನ್ನು ತಡೆಯಲೆಂದೇ 2015ರಿಂದ ಮತಪತ್ರದಲ್ಲಿ ಅಭ್ಯರ್ಥಿಗಳ ಭಾವಚಿತ್ರವನ್ನೂ ಮುದ್ರಿಸುವ ಕ್ರಮ ಬಂದಿದೆಯೆಂಬುದನ್ನು ನೆನೆದರೆ, ಈ ತಂತ್ರವು ಎಷ್ಟು ಹಳೆಯ ರೋಗವೆಂಬುದು ತಿಳಿಯುತ್ತದೆ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಅದೇ ಚುನಾವಣೆಯಲ್ಲಿ ಅವರ ಎದುರಾಳಿಯಾಗಿದ್ದ ನಿಖಿಲ್ ಕುಮಾರಸ್ವಾಮಿಯವರನ್ನು, ಚಲನಚಿತ್ರ ಸಮಾರಂಭವೊಂದರಲ್ಲಿ ತಂದೆ ಮಗನನ್ನು ಕೂಗಿ ಕರೆದ ಮಾತನ್ನೇ ಹಿಡಿದು, ನಾಡಿಗೆ ನಾಡೇ ಗೇಲಿ ಮಾಡಿತು. ಹಾಸ್ಯವು ಎಲ್ಲಿ ಮುಗಿದು ಅವಮಾನವು ಎಲ್ಲಿ ಮೊದಲಾಯಿತೆಂದು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಪಕ್ಷೇತರನ ಪಾಳಯವೂ ಈ ದೋಷದಿಂದ ಮುಕ್ತವಲ್ಲ.

ಸುಮಲತಾ 1,25,876 ಮತಗಳ ಅಂತರದಿಂದ ಗೆದ್ದರು. ಆದ್ದರಿಂದ ಅಪಪ್ರಚಾರಕ್ಕೆ ಬಲವಿಲ್ಲ, ಜನ ಬುದ್ಧಿವಂತರು ಎಂದು ಸಮಾಧಾನಪಡುವವರಿದ್ದಾರೆ. ಅವರು ಎರಡು ಸಂಗತಿಗಳನ್ನು ಮರೆಯುತ್ತಾರೆ. ಒಂದು: ಆಕೆಗೆ ಅಂಬರೀಶರ ಹೆಸರಿನ ಬಲವಿತ್ತು, ಚಿತ್ರರಂಗದ ಬೆಂಬಲವಿತ್ತು, ಭಾರತೀಯ ಜನತಾ ಪಕ್ಷವು ತನ್ನ ಅಭ್ಯರ್ಥಿಯನ್ನು ನಿಲ್ಲಿಸದೆ ಬೆಂಬಲ ಕೊಟ್ಟಿತ್ತು. ಎರಡು: ಅದಕ್ಕೆ ಮೊದಲು ನಮ್ಮ ರಾಜ್ಯದಿಂದ ಪಕ್ಷೇತರರೊಬ್ಬರು ಲೋಕಸಭೆಗೆ ಆರಿಸಿ ಹೋದದ್ದು 1967ರಲ್ಲಿ, ಚುಟುಕು ಕವಿ ದಿನಕರ ದೇಸಾಯಿಯವರು. ಅರ್ಧ ಶತಮಾನಕ್ಕೆ ಒಮ್ಮೆ ತೆರೆಯುವ ಬಾಗಿಲನ್ನು ತೋರಿಸಿ ದಾರಿ ಸುಗಮವಾಗಿದೆ ಎನ್ನುವುದು ತರ್ಕವಲ್ಲ. ಹೆಸರುವಾಸಿಯಲ್ಲದ ಶಾಲಾ ಮಾಸ್ತರನೊಬ್ಬ, ಕಾಲುವೆಯ ನೀರಿಗಾಗಿ ಧರಣಿ ಕೂತ ರೈತನೊಬ್ಬ, ಸ್ವಸಹಾಯ ಸಂಘವನ್ನು ನಡೆಸಿದ ಹೆಣ್ಣುಮಗಳೊಬ್ಬಳು ನಿಂತಾಗ ಅವರ ನೆರವಿಗೆ ಬರುವ ತಾರೆಯರಾರು?

ಕಾನೂನಿಲ್ಲವೇ ಎಂದು ಕೇಳಬಹುದು. ಇದೆ. 1951ರ ಪ್ರಜಾಪ್ರತಿನಿಧಿತ್ವ ಕಾಯಿದೆಯ 123ನೆಯ ಕಲಮಿನ 4ನೆಯ ಉಪಕಲಮು, ಅಭ್ಯರ್ಥಿಯ ವೈಯಕ್ತಿಕ ಚಾರಿತ್ರ್ಯದ ಬಗ್ಗೆಯಾಗಲಿ, ಅವನ ಉಮೇದುವಾರಿಕೆ ಅಥವಾ ಹಿಂತೆಗೆತದ ಬಗ್ಗೆಯಾಗಲಿ ಸುಳ್ಳೆಂದು ತಿಳಿದೂ ಹೇಳಿಕೆ ಪ್ರಕಟಿಸುವುದನ್ನು ಭ್ರಷ್ಟಾಚರಣೆಯೆಂದು ಕರೆಯುತ್ತದೆ. ಆದರೆ ಅದನ್ನು ಪ್ರಯೋಗಿಸಬೇಕಾದರೆ ಫಲಿತಾಂಶ ಬಂದ 45 ದಿನಗಳೊಳಗೆ ಉಚ್ಚ ನ್ಯಾಯಾಲಯಕ್ಕೆ ಚುನಾವಣಾ ತಕರಾರು ಅರ್ಜಿ ಸಲ್ಲಿಸಬೇಕು. ಆ ಸುಳ್ಳನ್ನು ಅಭ್ಯರ್ಥಿಯೋ ಅವನ ಏಜೆಂಟನೋ, ಅಥವಾ ಅವರ ಸಮ್ಮತಿಯಿಂದ ಇನ್ನೊಬ್ಬನೋ ಹೇಳಿದನೆಂದು ಸಾಕ್ಷಿ ಸಹಿತ ರುಜುವಾತುಪಡಿಸಬೇಕು. ಹೆಸರಿಲ್ಲದ ಸಂದೇಶಕ್ಕೆ ಸಮ್ಮತಿ ಕೊಟ್ಟವನನ್ನು ಎಲ್ಲಿ ಹುಡುಕುವುದು?

ಅದೇ ಕಾಯಿದೆಯ 127ಎ ಕಲಮು ಚುನಾವಣೆಯ ಕರಪತ್ರದ ಮೇಲೆ ಮುದ್ರಕನ ಮತ್ತು ಪ್ರಕಾಶಕನ ಹೆಸರು ವಿಳಾಸಗಳು ಇರಲೇಬೇಕೆಂದು ವಿಧಿಸಿದೆ. ತಪ್ಪಿದರೆ ಆರು ತಿಂಗಳ ಸೆರೆವಾಸ, 2,000 ರೂಪಾಯಿಯ ವರೆಗೆ ದಂಡ, ಇಲ್ಲವೆ ಎರಡೂ. ಈ ನಿಯಮದ ಹಿಂದಿರುವ ವಿವೇಕವನ್ನು ನೋಡಿರಿ. ಏನನ್ನಾದರೂ ಹೇಳು, ಆದರೆ ನಿನ್ನ ಹೆಸರು ಹಾಕಿ ಹೇಳು ಎಂಬುದೇ ಅದರ ತಾತ್ಪರ್ಯ. ಸಿಂಧನೂರಿನ ಮುದ್ರಣಾಲಯದಲ್ಲಿ ಅಚ್ಚಾಗುವ 500 ಕರಪತ್ರಕ್ಕೆ ಇರುವ ಈ ಹೊಣೆಯು 50,000 ಕೈಫೋನುಗಳನ್ನು ತಲಪುವ ಸಂದೇಶದ ಬೆನ್ನಿಗೆ ಕಾಣಿಸದು. 2024ರ ಮೇ ತಿಂಗಳಲ್ಲಿ ಚುನಾವಣಾ ಆಯೋಗವು, ಕೃತಕ ಬುದ್ಧಿಮತ್ತೆಯಿಂದ ಸೃಷ್ಟಿಸಿದ ನಕಲಿ ದೃಶ್ಯ ಮತ್ತು ಧ್ವನಿಗಳು ಗಮನಕ್ಕೆ ಬಂದ 3 ಗಂಟೆಗಳೊಳಗೆ ಅವನ್ನು ತೆಗೆದುಹಾಕಬೇಕೆಂದು ರಾಜಕೀಯ ಪಕ್ಷಗಳಿಗೆ ಸೂಚಿಸಿತು. ಒಳ್ಳೆಯದೇ. ಆದರೆ ಪಕ್ಷಕ್ಕೆ ಸೇರದ ಅನಾಮಧೇಯನಿಗೆ ಆ ಸೂಚನೆ ತಟ್ಟುವುದು ಹೇಗೆ? ಆ ಮೂರು ಗಂಟೆಗಳಲ್ಲಿ ಸುಳ್ಳು ಎಷ್ಟು ಊರುಗಳನ್ನು ಸುತ್ತಿ ಬಂದಿರುತ್ತದೆ?

ಇದೆಲ್ಲ ಬೆಂಗಳೂರು ಮಂಡ್ಯಗಳ ಮಾತು, ತುಂಗಭದ್ರೆಯ ಎಡದಂಡೆಯ ನಮಗೇನು ಎಂದು ಬಳಗಾನೂರು ಸೀಮೆಯ ಸದ್ಭಕ್ತರು ಉದಾಸೀನರಾಗಬಾರದು. 2018ರಲ್ಲಿ ನಮ್ಮ ಮಸ್ಕಿ ವಿಧಾನಸಭಾ ಕ್ಷೇತ್ರದ ಫಲಿತಾಂಶವು ಕೇವಲ 213 ಮತಗಳ ಅಂತರದಲ್ಲಿ ನಿರ್ಣಯವಾಯಿತು. ಅಲ್ಲಿ ಸೆಣಸಿದ ಪ್ರಮುಖರಿಬ್ಬರೂ ಪಕ್ಷದವರೇ; ಆ ಫಲಿತಾಂಶದ ಮೇಲೆ ನಾವು ಯಾವ ಶಂಕೆಯನ್ನೂ ಹಚ್ಚುತ್ತಿಲ್ಲ. 213 ಎಂದರೆ ಎಷ್ಟು ಎಂಬುದನ್ನಷ್ಟೇ ತೋರಿಸುತ್ತಿದ್ದೇವೆ. ಒಂದು ವಾಟ್ಸಾಪ್ ಗುಂಪಿನ ಸದಸ್ಯರ ಸಂಖ್ಯೆಯೂ ಅದನ್ನು ಮೀರಬಹುದು. ಅದೇ ಇಬ್ಬರು 2021ರ ಉಪಚುನಾವಣೆಯಲ್ಲಿ ಪರಸ್ಪರ ಪಕ್ಷಗಳನ್ನು ಅದಲು ಬದಲು ಮಾಡಿಕೊಂಡು ಎದುರುಬದುರಾದರು. ಹಾಗಿರುವಾಗ ಪಕ್ಷದ ಚೀಟಿ ಇದ್ದವನು ಗಟ್ಟಿಗ, ಇಲ್ಲದವನು ನೆಲೆಯಿಲ್ಲದವನು ಎಂಬ ತಾತ್ಸಾರಕ್ಕೆ ಆಧಾರವೆಲ್ಲಿದೆ?

ಇದಕ್ಕಿಂತ ಹತ್ತಿರದ ಮಾತೊಂದಿದೆ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಯ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ. ಬಳಗಾನೂರಿನ ಸುತ್ತಲಿನ ಹಳ್ಳಿಗಳಲ್ಲಿ ಆ ಚುನಾವಣೆಗೆ ನಿಲ್ಲುವ ಪ್ರತಿಯೊಬ್ಬರೂ ಕಾನೂನಿನ ದೃಷ್ಟಿಯಲ್ಲಿ ಪಕ್ಷೇತರರೇ. ನಿಮ್ಮ ಅಣ್ಣ, ನಿಮ್ಮ ಸೊಸೆ, ನಿಮ್ಮ ಹೊಲದ ಬದುವಿನಾಚೆಯ ನೆರೆಯವನು, ನಿಮ್ಮ ಜೊತೆ ಮಠದ ಪಂಕ್ತಿಯಲ್ಲಿ ಪ್ರಸಾದ ಉಂಡವನು, ಎಲ್ಲರೂ ಪಕ್ಷೇತರರು. ಅಲ್ಲಿನ ಸ್ಥಾನಗಳಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳಿಗೆ ಮೀಸಲು. ಗಂಡಸಿನ ಮೇಲೆ ಹಣದ ಅಪವಾದವನ್ನು ಹೊರಿಸುವ ಅದೇ ಕೈ ಹೆಣ್ಣುಮಗಳ ಮೇಲೆ ಶೀಲದ ಅಪವಾದವನ್ನು ಹೊರಿಸುತ್ತದೆ. ಹಣದ ಅಪವಾದಕ್ಕೆ ಲೆಕ್ಕದ ಪುಸ್ತಕವನ್ನು ತೆರೆದು ತೋರಿಸಬಹುದು. ಶೀಲದ ಅಪವಾದಕ್ಕೆ ಯಾವ ಬೊಕ್ಕಸವನ್ನು ತೆರೆದು ತೋರಿಸಬೇಕು? ಚುನಾವಣೆ ಮುಗಿದ ಮೇಲೆ ಸಂದೇಶ ಅಳಿಸಿಹೋಗುತ್ತದೆ; ಆಕೆ ಮಾತ್ರ ಅದೇ ಓಣಿಯಲ್ಲಿ, ಅದೇ ನಳದ ಮುಂದೆ ಕೊಡ ಹಿಡಿದು ನಿಲ್ಲಬೇಕು. ಮುಂದಿನ ಸಲ ಹಾಗೆ ನಿಲ್ಲಲು ಇನ್ನೊಬ್ಬಳ ತಂದೆ ಅವಳನ್ನು ಬಿಡುವನೇ? ಅಪಪ್ರಚಾರದ ನಿಜವಾದ ಫಲ ಒಬ್ಬರ ಸೋಲಲ್ಲ. ಯೋಗ್ಯರಾದ ಹತ್ತು ಮಂದಿ ಮನೆಯ ಬಾಗಿಲು ಹಾಕಿಕೊಂಡು ಒಳಗೆ ಉಳಿಯುವುದು.

ಹೆಸರಿಲ್ಲದ ಸುಳ್ಳು ಎಲ್ಲಿಗೆ ಹೋಗಿ ಮುಟ್ಟಬಹುದೆಂಬುದನ್ನು ನಮ್ಮ ಕಲ್ಯಾಣ ಕರ್ನಾಟಕವೇ ಕಂಡಿದೆ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸಾಪ್ ವದಂತಿಯನ್ನು ನಂಬಿದ ಜನರ ಗುಂಪು ಹೈದರಾಬಾದಿನಿಂದ ಬಂದಿದ್ದ ನಿರಪರಾಧಿ ಯುವಕನೊಬ್ಬನನ್ನು ಹೊಡೆದು ಕೊಂದಿತು. ದೇಶದ ಹಲವೆಡೆ ಇಂಥ ಕೊಲೆಗಳು ನಡೆದ ಮೇಲೆ, ಅದೇ ತಿಂಗಳು, ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳಿಸದಂತೆ ಆ ಸಂಸ್ಥೆಯು ಮಿತಿ ಹಾಕಿತು. ಮುರ್ಕಿಯಲ್ಲಿ ಕೊಂದವರು ಸಂದೇಶವನ್ನು ಬರೆದವರಲ್ಲ, ನಂಬಿದವರು. ಅವರ ಕೈಗೆ ಅದನ್ನು ತಲಪಿಸಿದವರೂ ಬರೆದವರಲ್ಲ, ಮುಂದಕ್ಕೆ ಕಳಿಸಿದವರು. ನಾನು ಬರೆದಿಲ್ಲ, ಬಂದದ್ದನ್ನು ಕಳಿಸಿದೆ ಎಂಬ ಸಮರ್ಥನೆಯು ಅಂದೇ ಸತ್ತುಹೋಗಬೇಕಾಗಿತ್ತು.

ಈ ವಾದಕ್ಕೆ ಬರುವ ಆಕ್ಷೇಪವೊಂದನ್ನು ಮುಚ್ಚಿಡುವುದು ಸಲ್ಲದು. ಪಕ್ಷೇತರರೆಲ್ಲ ಸಾಚಾಗಳೇ? ಮತ ಒಡೆಯಲೆಂದು ಹಣ ಕೊಟ್ಟು ನಿಲ್ಲಿಸಿದವರಿಲ್ಲವೇ? ಅವರ ಬಗ್ಗೆ ಮಾತನಾಡಬಾರದೇ? ಮಾತನಾಡಲೇಬೇಕು. ಶರಣರು ಬಾಯಿ ಮುಚ್ಚಿಕೊಂಡು ಕುಳಿತವರಲ್ಲ. ಅರಸನೆದುರಿಗೂ ಆಚಾರವಂತರೆನಿಸಿದವರೆದುರಿಗೂ ನಿಷ್ಠುರವಾಗಿ ನುಡಿದವರು. ಆದರೆ ಆ ನಿಷ್ಠುರ ನುಡಿಯ ಕೊನೆಯಲ್ಲಿ ಅವರ ಅಂಕಿತವಿತ್ತು. ತಾನು ಆಡಿದ ಮಾತಿನ ಕೆಳಗೆ ತನ್ನ ಇಷ್ಟದೈವದ ಹೆಸರನ್ನು ಸಾಕ್ಷಿಯಾಗಿ ನಿಲ್ಲಿಸುವುದಕ್ಕಿಂತ ದೊಡ್ಡ ಸಹಿ ಯಾವುದಿದೆ? ಅಭ್ಯರ್ಥಿಯು ಸಾರ್ವಜನಿಕ ಹಣವನ್ನು ತಿಂದಿದ್ದರೆ ಎಷ್ಟು, ಯಾವಾಗ, ಯಾವ ಕಾಮಗಾರಿಯಲ್ಲಿ ಎಂದು ನಿಮ್ಮ ಹೆಸರು ಹಾಕಿ ಹೇಳಿರಿ. ಅವನು ನಾಮಪತ್ರದ ಜೊತೆಗೆ ಸಲ್ಲಿಸಿದ ಪ್ರಮಾಣಪತ್ರದಲ್ಲಿ ಆಸ್ತಿಯ ವಿವರವಿರುತ್ತದೆ, ಮೊಕದ್ದಮೆಗಳ ವಿವರವಿರುತ್ತದೆ. ಅದನ್ನು ಓದಿ ಪ್ರಶ್ನಿಸಿರಿ. ಅದು ಟೀಕೆ, ಅದು ಪ್ರಜಾಪ್ರಭುತ್ವದ ಉಸಿರು. ಅಂಕಿತವಿಲ್ಲದ ನಿಂದೆ ಮಾತ್ರ ಕೊಂಡೆ.

ಅಪಪ್ರಚಾರವು ಮಾಡುವ ಇನ್ನೊಂದು ಕೇಡನ್ನು ರೈತಾಪಿಗಳಾದ ನಾವು ಬೇಗ ಅರಿಯಬೇಕು. ನಮ್ಮ ಸೀಮೆಯ ಚುನಾವಣೆಯಲ್ಲಿ ಚರ್ಚೆಯಾಗಬೇಕಾದದ್ದು ಕಾಲುವೆಯ ಕೊನೆಭಾಗಕ್ಕೆ ನೀರು ಏಕೆ ಬರುವುದಿಲ್ಲ ಎಂಬುದು. ಮಸ್ಕಿ ಭಾಗದ ರೈತರು 5ಎ ಕಾಲುವೆಗಾಗಿ ತಿಂಗಳುಗಟ್ಟಲೆ ಧರಣಿ ಕುಳಿತದ್ದು ಎಲ್ಲರೂ ಬಲ್ಲ ಸಂಗತಿ. ಭತ್ತದ ಬೆಲೆ, ಹತ್ತಿಯ ಬೆಲೆ, ದುಡಿಯಲು ಊರು ಬಿಟ್ಟು ಹೋಗುವವರ ಮಕ್ಕಳ ಓದು, ಇವು ನಮ್ಮ ಪ್ರಶ್ನೆಗಳು. ಕೊಂಡೆಯ ಸಂದೇಶ ಬಂದ ದಿನ ಈ ಪ್ರಶ್ನೆಗಳೆಲ್ಲ ಮೂಲೆಗೆ ಸೇರುತ್ತವೆ. ಅಗಸಿಯ ಕಟ್ಟೆಯ ಮೇಲೆ ಮಾತಾಗುವುದು ಯಾರ ಮನೆಯಲ್ಲಿ ಯಾರಿದ್ದರು ಎಂಬುದು. ತಲೆಭಾಗದಲ್ಲಿ ಯಾರೋ ಕಾಲುವೆಗೆ ವಿಷ ಬೆರಸಿದರೆ ಕೊನೆಭಾಗದವನ ಗದ್ದೆಯೂ ಸುಡುತ್ತದೆ.

ಹೊರಗಿನವರನ್ನು ದೂರಿದ್ದು ಸಾಕು. ಈಗ ನಮ್ಮ ಮನೆಯೊಳಗೆ ನೋಡೋಣ. ಮಠದ ಪ್ರಸಾದನಿಲಯದಲ್ಲಿ ಉಂಡು ಓದಿ ದೊಡ್ಡವರಾದವರು ಇಂದು ಹಲವು ಊರುಗಳಲ್ಲಿದ್ದಾರೆ. ಅಂಥ ಗೆಳೆಯರನ್ನು ಕೂಡಿಸುವ ವಾಟ್ಸಾಪ್ ಗುಂಪುಗಳಿವೆ. ಅವುಗಳ ಮುಖಪಟದಲ್ಲಿ ಬಸವಣ್ಣನವರ ಭಾವಚಿತ್ರವಿರುತ್ತದೆ, ಬೆಳಿಗ್ಗೆ ಒಂದು ವಚನ ಬರುತ್ತದೆ. ಚುನಾವಣೆ ಸಮೀಪಿಸಿದಾಗ ಅದೇ ಭಾವಚಿತ್ರದ ಕೆಳಗೆ ಮಧ್ಯಾಹ್ನ ಒಬ್ಬನ ಜಾತಿಯನ್ನು ಹಿಡಿದು, ಒಬ್ಬಳ ಶೀಲವನ್ನು ಹಿಡಿದು ಹೊಲಸು ಬರುತ್ತದೆಯೆಂದರೆ ಆ ಬೆಳಗಿನ ವಚನಕ್ಕೆ ಏನರ್ಥ? ನಿಂದೆಗೊಳಗಾದವನು ನಮ್ಮವನಲ್ಲ ಎಂಬ ಕಾರಣಕ್ಕೆ ನಾವು ಸುಮ್ಮನಿರುವುದಾದರೆ, ಇವ ಯಾರವನೆಂದು ಕೇಳುವ ರೂಢಿಯನ್ನೇ ಒಡೆಯಲು ಹುಟ್ಟಿದ ಧರ್ಮದ ಹೆಸರನ್ನು ಹೇಳಿಕೊಳ್ಳುವ ಅಧಿಕಾರ ನಮಗೆ ಉಳಿಯುತ್ತದೆಯೇ? ಕೈಫೋನಿಗೆ ಕನ್ನಡಿಗರು ಜಂಗಮವಾಣಿ ಎಂಬ ಸೊಗಸಾದ ಹೆಸರನ್ನಿಟ್ಟಿದ್ದಾರೆ. ಜಂಗಮನ ವಾಣಿಯೆಂದು ಕರೆದ ವಸ್ತುವಿನಿಂದ ಮಂಚಣ್ಣನ ವಾಣಿ ಹೊರಡಬಾರದು.

ಈ ವಿವೇಕಕ್ಕಾಗಿ ನಾವು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಮಸ್ಕಿಯ ಬೆಟ್ಟದಲ್ಲಿ 1915ರಲ್ಲಿ ಬೆಳಕಿಗೆ ಬಂದ ಶಾಸನವು ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದನ್ನು ಜಗತ್ತಿಗೆ ಖಚಿತಪಡಿಸಿತು. ಅದೇ ಅರಸನ ಹನ್ನೆರಡನೆಯ ಶಿಲಾಶಾಸನದ ಪಾಠವು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕಿದೆ. ತನ್ನ ಮತವನ್ನು ಹೊಗಳುವ ಆತುರದಲ್ಲಿ ಪರಮತವನ್ನು ಹಳಿಯಬಾರದು, ನಾಲಗೆಗೆ ಸಂಯಮವಿರಬೇಕು ಎಂಬುದು ಅದರ ಸಾರ. ಕಲ್ಲಿನ ಮೇಲೆ ಅಕ್ಷರ ಕೊರೆಯುವವನಿಗೆ ಪ್ರತಿಯೊಂದು ಮಾತಿಗೂ ಶ್ರಮವಿತ್ತು, ಯೋಚನೆಗೆ ಸಮಯವಿತ್ತು. ಬೆರಳ ತುದಿಯಿಂದ ಬರೆಯುವ ನಮಗೆ ಶ್ರಮವಿಲ್ಲ. ಆದ್ದರಿಂದ ಸಂಯಮವನ್ನು ನಾವೇ ತಂದುಕೊಳ್ಳಬೇಕು.

ಸದ್ಭಕ್ತರಲ್ಲಿ ನಾವು ಕೇಳುವುದು ದೊಡ್ಡ ವ್ರತವನ್ನಲ್ಲ. ಮುಂದಿನ ಚುನಾವಣೆ ಪಂಚಾಯಿತಿಯದಿರಲಿ ಪಾರ್ಲಿಮೆಂಟಿನದಿರಲಿ, ಅಭ್ಯರ್ಥಿಯೊಬ್ಬರನ್ನು ಹಳಿಯುವ ಸಂದೇಶ ನಿಮ್ಮ ಕೈಗೆ ಬಂದಾಗ ಅದರ ಕೆಳಗೆ ಬರೆದವನ ಹೆಸರಿದೆಯೇ ನೋಡಿರಿ. ಇಲ್ಲವಾದರೆ ಅದರ ಕೆಳಗೆ ನಿಮ್ಮ ಹೆಸರನ್ನೂ ನಿಮ್ಮ ತಂದೆಯ ಹೆಸರನ್ನೂ ಬರೆದು ಕಳಿಸಲು ಮನಸ್ಸು ಒಪ್ಪುತ್ತದೆಯೇ ಎಂದು ಕೇಳಿಕೊಳ್ಳಿರಿ. ಒಪ್ಪದಿದ್ದರೆ ಅದು ನಿಮ್ಮಲ್ಲಿಯೇ ಸಾಯಲಿ. ಗುಂಪುಗಳ ಅಡ್ಮಿನ್‌ಗಳಾದ ಹಳೆಯ ವಿದ್ಯಾರ್ಥಿಗಳು ಹೆಸರಿಲ್ಲದ ನಿಂದೆಯನ್ನು ಕಂಡೊಡನೆ ಅಳಿಸಲಿ. ಕಳಿಸಿದವರು ಎಷ್ಟೇ ಹಿರಿಯರಾದರೂ ಏಕೆಂದು ವಿನಯದಿಂದ ಕೇಳಲಿ. ನಿಂದೆಗೊಳಗಾದವನು ನಿಮ್ಮ ಎದುರು ಪಾಳಯದವನೇ ಆಗಿದ್ದರೂ ಅವನ ಮನೆಗೆ ಹೋಗಿ, ಈ ಮಾತು ನಿಜವೇ ಎಂದು ಮುಖಾಮುಖಿ ವಿಚಾರಿಸಿರಿ. ಬಿಜ್ಜಳನಂಥ ಅರಸನೂ ಬೊಕ್ಕಸವನ್ನು ತೆರೆದು ನೋಡಿದನೆಂದು ಪುರಾಣ ಹೇಳುತ್ತದೆ. ಬಸವಭಕ್ತರೆನಿಸಿಕೊಂಡ ನಾವು ಅಷ್ಟನ್ನೂ ಮಾಡದಿದ್ದರೆ ಹೇಗೆ?